ಸೀಸದ ಕಡ್ಡಿ ಮುಟ್ಟಿದ ಮುಖ

ದಾವಣಗೆರೆಯಿಂದ ಹೆಣ್ಣು ನೋಡಲು ಬಂದವರು ತಟ್ಟೆಯ ಉಪ್ಪಿಟ್ಟು ಮುಗಿಸುವ ಮೊದಲೇ ಜಗಳ ಎದ್ದಿತು. ಗಂಡಿನ ತಾಯಿ ಚೀಲದಿಂದ ಒಂದು ಫೋಟೋ ತೆಗೆದು ಅದನ್ನೊಮ್ಮೆ, ಎದುರಿಗೆ ತಲೆ ತಗ್ಗಿಸಿ ಕೂತ ದಾಕ್ಷಾಯಣಿಯನ್ನೊಮ್ಮೆ ನೋಡಿದಳು. ಫೋಟೋದಲ್ಲಿದ್ದ ಕೆನ್ನೆ ಬೆಣ್ಣೆ ಸವರಿದ ಹಾಗೆ ನುಣುಪಾಗಿತ್ತು. ಎದುರಿಗಿದ್ದ ಕೆನ್ನೆಯ ಮೇಲೆ ಎಂಟು ವರ್ಷದ ಹಿಂದೆ ಬಂದ ಸಿಡುಬು ತನ್ನ ಗುರುತು ಬಿಟ್ಟು ಹೋಗಿತ್ತು. ಆಕೆ ಫೋಟೋವನ್ನು ಜಮಖಾನದ ಮೇಲೆ ಎಸೆದು, ಇದು ಯಾವ ಹುಡುಗಿ, ಇವಳು ಯಾವ ಹುಡುಗಿ ಎಂದು ಕೇಳಿದಳು.

ಶಿವಮೊಗ್ಗದ ದುರ್ಗಿಗುಡಿಯ ಆ ಮನೆಯ ಯಜಮಾನ, ಅಕ್ಕಿ ಗಿರಣಿಯ ಸಾಹುಕಾರ ಮುರುಗೇಶಪ್ಪ ಒಂದಿಷ್ಟೂ ತಡವರಿಸಲಿಲ್ಲ. ಮೂಲೆಯಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದ ಕಾಶಮ್ಮನ ಕಡೆ ಬೆರಳು ತೋರಿಸಿದ.

"ಇವಳೇ ತೆಗ್ದಿದ್ದು. ಭದ್ರಾವತಿಯವಳು. ಹೆಂಗಸು ಅಂತ ನಂಬಿ ಒಳಗೆ ಬಿಟ್ಕೊಂಡ್ರೆ ನಮಗೇ ಟೋಪಿ ಹಾಕಿದ್ಲು."

ಮಾತುಕತೆ ಕೂಡಿಬಂದರೆ ವೀಳ್ಯ ಬದಲಾಯಿಸುವಾಗ ಒಂದು ಫೋಟೋ ಇರಲಿ ಎಂದು ಅವಳನ್ನು ಬೆಳಗಿನ ಮೊದಲ ಬಸ್ಸಿಗೇ ಕರೆಸಿಕೊಂಡಿದ್ದವನು ಇದೇ ಮನುಷ್ಯ. ಕಾಶಮ್ಮನಿಗೆ ಕಿವಿಯ ಬುಡದವರೆಗೆ ಬಿಸಿಯೇರಿತು.

ಅವಳ ಕೈಗೆ ಕ್ಯಾಮೆರಾ ಬಂದದ್ದೇ ಗಂಡನ ಖಯಾಲಿಯಿಂದ. ಗಂಗಾಧರಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್. ಒಳ್ಳೆಯವನೇ, ಆದರೆ ಆರಂಭಶೂರ. ಊರು ಬಿಟ್ಟು ಹೋಗುತ್ತಿದ್ದ ಒಬ್ಬ ಇಂಜಿನಿಯರನಿಂದ ಹಳೆಯ ಕ್ಯಾಮೆರಾ ಕೊಂಡು, ಮೂರು ರೋಲಿನಲ್ಲಿ ಎಲ್ಲರ ತಲೆಯನ್ನೂ ಅರ್ಧಕ್ಕೆ ಕತ್ತರಿಸಿ, ತಿಂಗಳೊಪ್ಪತ್ತಿನಲ್ಲಿ ಅದನ್ನು ಅಟ್ಟಕ್ಕೆ ಹಾಕಿದ. ಕಾಶಮ್ಮ ಇಳಿಸಿದಳು. ಮೊದಲು ಹಳೇನಗರದ ತನ್ನ ಬೀದಿಯ ಕೂಸುಗಳು, ಆಮೇಲೆ ಬಾಣಂತಿಯರು, ಆಮೇಲೆ ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳು.

ಅರವತ್ತೊಂದನೆಯ ಇಸವಿಯ ಹೊತ್ತಿಗೂ ಶಿವಮೊಗ್ಗದ ದೊಡ್ಡ ಮನೆಗಳವರು ಹೆಣ್ಣುಮಕ್ಕಳನ್ನು ಸ್ಟುಡಿಯೋಗೆ ಕಳಿಸುತ್ತಿರಲಿಲ್ಲ. ಅಲ್ಲಿ ಯಾರೋ ಪರಗಂಡಸು ಗದ್ದಕ್ಕೆ ಬೆರಳಿಟ್ಟು ಮುಖ ಎತ್ತಿಸುತ್ತಾನೆ ಎಂಬುದೊಂದೇ ಕಾರಣ ಸಾಕಾಗಿತ್ತು. ಹಾಗಾಗಿ ಕಾಶಮ್ಮನಿಗೆ ಹೇಳಿಕಳಿಸುತ್ತಿದ್ದರು. ಬರುವುದು, ಹೋಗುವುದು ಹಿತ್ತಲ ಬಾಗಿಲಲ್ಲಿ. ಅವಳೆದುರು ಹುಡುಗಿಯರು ಉಸಿರು ಬಿಗಿಹಿಡಿಯದೆ ಕೂರುತ್ತಿದ್ದರು. ಫೋಟೋದಲ್ಲಿ ಅದು ಕಾಣುತ್ತಿತ್ತು.

ಫಿಲ್ಮು ತೊಳೆಯುವ, ಪ್ರಿಂಟು ಹಾಕುವ ಕೆಲಸ ಮಾತ್ರ ಗಾಂಧಿ ಬಜಾರಿನ ಮೋಹಿನಿ ಸ್ಟುಡಿಯೋದ್ದು. ಅದರ ಮಾಲೀಕ ಗೋವಿಂದಯ್ಯ ಪ್ರತಿ ಫೋಟೋದ ಬೆನ್ನಿಗೂ ತನ್ನ ಅಂಗಡಿಯ ಮೊಹರು ಒತ್ತುತ್ತಿದ್ದ. ಮೊಹರಿನ ಪಕ್ಕದಲ್ಲೇ ಮನೆಯವರು ಹುಡುಗಿಯ ಹೆಸರು, ತಂದೆಯ ಹೆಸರು, ಊರು ಬರೆದು ಗಂಡಿನವರಿಗೆ ಕಳಿಸುವುದು ರೂಢಿ. ನೆಗೆಟಿವ್ ಸ್ಟುಡಿಯೋದಲ್ಲೇ ಉಳಿಯಬೇಕು, ಅದೂ ರೂಢಿ. ತನ್ನ ಹೆಸರನ್ನೂ ಒಂದು ಮೂಲೆಯಲ್ಲಿ ಹಾಕಿ ಎಂದು ಕಾಶಮ್ಮ ಒಮ್ಮೆ ಕೇಳಿದ್ದಕ್ಕೆ ಗೋವಿಂದಯ್ಯ ನಕ್ಕು, ಹೆಂಗಸು ತೆಗೆದದ್ದು ಅಂದರೆ ಬೆಲೆ ಎಲ್ಲಿ ಉಳಿಯುತ್ತೆ ಮಾರಾಯ್ತಿ ಎಂದಿದ್ದ. ಫೋಟೋ ಚೆನ್ನಾಗಿ ಬಂದರೆ ಮೋಹಿನಿ ಸ್ಟುಡಿಯೋ ತೆಗೆದದ್ದು. ಈಗ ಕೆಟ್ಟಿತಲ್ಲ, ಭದ್ರಾವತಿಯವಳು ತೆಗೆದದ್ದು. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತಂತೆ.

ಈ ಮನೆಯಲ್ಲಿ ಕಳ್ಳಿ ಎನಿಸಿಕೊಂಡರೆ ಊರಿನ ಇನ್ನೊಂದು ಮನೆಯ ಹಿತ್ತಲ ಬಾಗಿಲೂ ತನಗೆ ತೆರೆಯದು ಎಂಬುದು ಕಾಶಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕು ವರ್ಷ ಬಸ್ಸಿನಲ್ಲಿ ನಿಂತು ಓಡಾಡಿ ಕಟ್ಟಿಕೊಂಡ ಕೆಲಸ ಒಂದು ಬೆರಳಿನಲ್ಲಿ ಮುಗಿಯುವುದರಲ್ಲಿತ್ತು. ಅವಳು ಅಳಲಿಲ್ಲ, ಆಣೆ ಇಡಲೂ ಇಲ್ಲ. ಅರ್ಧ ಗಂಟೆ ಕೂತಿರಿ ಎಂದು ದಾವಣಗೆರೆಯವರಿಗೆ ಹೇಳಿ ಹೊರಟಳು. ಓಡಿಹೋಗ್ತಿದಾಳೆ ನೋಡಿ ಎಂದು ಮುರುಗೇಶಪ್ಪ ಹಿಂದಿನಿಂದ ಕೂಗಿದ.

ಗೋವಿಂದಯ್ಯ ಗಲ್ಲಾದ ಮುಂದೆ ಕೂತು ಕಾಫಿ ಹೀರುತ್ತಿದ್ದ. ಕಾಶಮ್ಮ ಅವನನ್ನು ಮಾತಾಡಿಸಲೂ ಇಲ್ಲ. ನೇರ ಒಳಗೆ ಹೋಗಿ ನೆಗೆಟಿವ್ ಪೆಟ್ಟಿಗೆ ಎಳೆದಳು. ತಾನು ತೆಗೆದ ಒಂದೊಂದರ ನಂಬರೂ ಅವಳಿಗೆ ಬಾಯಿಪಾಠ. ಲಕೋಟೆಯನ್ನೂ ಕಪಾಟಿನ ಟರ್ಪೆಂಟೈನ್ ಸೀಸೆಯನ್ನೂ ಸೆರಗಿನಲ್ಲಿ ಸುತ್ತಿಕೊಂಡು ಹೊರಬಂದಾಗ ಅವನು ಅಡ್ಡ ನಿಂತ. ನೆಗೆಟಿವ್ ಅಂಗಡಿಯದು, ಮುಟ್ಟಬಾರದು ಎಂದ. ಹಾಗಾದರೆ ಮೋಸವೂ ಅಂಗಡಿಯದೇ ಎಂದು ಅವನನ್ನು ಬದಿಗೆ ತಳ್ಳಿ ನಡೆದಳು. ಅವನು ಚಪ್ಪಲಿ ಮೆಟ್ಟುವುದನ್ನೂ ಮರೆತು ಹಿಂದೆಯೇ ಓಡಿಬಂದ.

ಈ ಸಲ ಅವಳು ಮುಂಬಾಗಿಲಲ್ಲೇ ಒಳಹೊಕ್ಕಳು. ಗಂಡಿನ ತಾಯಿಯನ್ನು ಕಿಟಕಿಯ ಹತ್ತಿರ ಕರೆದು ನೆಗೆಟಿವನ್ನು ಬೆಳಕಿಗೆ ಓರೆಯಾಗಿ ಹಿಡಿದಳು. ಕೆನ್ನೆಯಿರುವ ಕಡೆ ಪೆನ್ಸಿಲಿನ ಸೀಸ ಫಳಫಳ ಹೊಳೆಯಿತು. ಕಲೆಯಿರುವಲ್ಲೆಲ್ಲ ಸೂಜಿಮೊನೆಯ ಪೆನ್ಸಿಲಿನಿಂದ ಸೀಸ ತುಂಬಿದರೆ ಪ್ರಿಂಟಿನಲ್ಲಿ ಮುಖ ನುಣ್ಣಗೆ ಬರುತ್ತದೆ ಎಂದು ವಿವರಿಸಿದಳು. ಆಮೇಲೆ ಹತ್ತಿಗೆ ಟರ್ಪೆಂಟೈನ್ ಅದ್ದಿ ಮೆಲ್ಲಗೆ ಒರೆಸಿದಳು. ಹತ್ತಿ ಮಸಿಯಾಯಿತು. ನೆಗೆಟಿವಿನ ಕಪ್ಪು ಕೆನ್ನೆಯ ಮೇಲೆ ಸಣ್ಣ ಸಣ್ಣ ಬಿಳಿ ಚುಕ್ಕಿಗಳು ಒಂದೊಂದಾಗಿ ಎದ್ದುಬಂದವು.

"ನಾನು ತೆಗ್ದಿದ್ದು ಈ ಮುಖ," ಎಂದಳು. "ಸೀಸ ಹಾಕಿದ್ದು ನಾನಲ್ಲ."

ಎಲ್ಲರೂ ಗೋವಿಂದಯ್ಯನ ಕಡೆ ತಿರುಗಿದರು. ಅವನು ಬಾಗಿಲಲ್ಲಿ ಏದುಸಿರು ಬಿಡುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯ ಮನುಷ್ಯ, ಯಾರೂ ಏನೂ ಕೇಳುವ ಮೊದಲೇ ಒದರಿದ.

"ಸಾವ್ಕಾರ್ರೆ, ನೀವೇ ಅಲ್ವಾ ಬಂದು ಕಲೆ ಕಾಣಬಾರ್ದು ಅಂದಿದ್ದು?"

ಕಾಶಮ್ಮನಿಗೆ ಆಗ ಅರ್ಥವಾಯಿತು. ತಾನು ಏದುಸಿರು ಬಿಟ್ಟು ತಂದ ಸಾಕ್ಷಿ ಇಲ್ಲಿ ಹೊಸದೇ ಅಲ್ಲ. ಬೆರಳು ತೋರಿಸಿದವನಿಗೆ ಎಲ್ಲವೂ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ತೋರಿಸಿದ್ದ, ತನ್ನ ಮಾನ ಉಳಿಯಲಿ, ಇವಳ ಅನ್ನ ಹೋದರೆ ಹೋಗಲಿ ಎಂದು. ಸುಳ್ಳು ಹೇಳಿದ್ದಕ್ಕಿಂತ, ಹೇಳುವಾಗ ಅವನು ಒಂಚೂರೂ ತಡವರಿಸದಿದ್ದುದು ಅವಳನ್ನು ಹೆಚ್ಚು ಉರಿಸಿತು.

ದಾವಣಗೆರೆಯವರು ಎದ್ದು ಹೋದರು. ಸಾಹುಕಾರ ಆಗ ಬಾಯಿ ಬಿಟ್ಟ. ಈ ಊರಿನ ಯಾವ ಮರ್ಯಾದಸ್ಥರ ಮನೆಯಲ್ಲೂ ಇನ್ನು ಅವಳಿಗೆ ಬಾಗಿಲು ತೆಗೆಯುವುದಿಲ್ಲ, ತಾನು ನೋಡಿಕೊಳ್ಳುತ್ತೇನೆ ಎಂದ.

"ನನಗೆ ಬಾಗಿಲು ತೆಗಿಯೋರು ನೀವಲ್ಲ," ಎಂದಳು ಕಾಶಮ್ಮ. "ಒಳಗಿರೋ ಹೆಂಗಸರು."

ಅಷ್ಟು ಹೊತ್ತೂ ಗೊಂಬೆಯಂತೆ ಕೂತಿದ್ದ ದಾಕ್ಷಾಯಣಿ ಎದ್ದಳು. ಅವಳಿಗೆ ಆ ಫೋಟೋವನ್ನು ಯಾರೂ ತೋರಿಸಿರಲೇ ಇಲ್ಲ. ತನ್ನ ಮುಖ ನೋಡಿಯೇ ದಾವಣಗೆರೆಯವರು ಬರಲು ಒಪ್ಪಿದ್ದಾರೆಂದು ಹದಿನೈದು ದಿನ ಹಿಗ್ಗಿದ್ದಳು. ಜಮಖಾನದ ಮೇಲಿನ ಫೋಟೋ ಎತ್ತಿಕೊಂಡು ಬಹಳ ಹೊತ್ತು ನೋಡಿದಳು. ಅದನ್ನು ನಾಲ್ಕು ಚೂರು ಮಾಡಿ ತಂದೆಯ ಮುಂದಿನ ತಟ್ಟೆಗೆ ಹಾಕಿದಳು. ಆಮೇಲೆ ಕಿಟಕಿಯ ಪಕ್ಕ ಕುರ್ಚಿ ಎಳೆದು ಕೂತು, ಕಲೆ ಹೆಚ್ಚಿದ್ದ ಕೆನ್ನೆಯನ್ನೇ ಬೆಳಕಿಗೆ ತಿರುಗಿಸಿದಳು.

"ಇನ್ನೊಂದು ತೆಗೀರಿ, ಕಾಶಮ್ಮ. ಹೀಗೇ."

ತಂದೆ ಗದರಿದ. ಹುಡುಗಿ ಅಲ್ಲಾಡಲಿಲ್ಲ. ಬಾಗಿಲ ಮರೆಯಲ್ಲಿದ್ದ ತಾಯಿ ಬಂಗಾರಮ್ಮ ಹೊರಗೆ ಬಂದು ಗಂಡನಿಗೂ ಮಗಳಿಗೂ ನಡುವೆ ನಿಂತುಬಿಟ್ಟಳು. ಕಾಶಮ್ಮ ತೆಗೆದಳು.

ಸಾಹುಕಾರ ಆಡಿದ್ದನ್ನು ಮಾಡಿಯೂ ತೋರಿಸಿದ. ಎರಡು ತಿಂಗಳು ಶಿವಮೊಗ್ಗದಿಂದ ಒಂದು ಕರೆಯೂ ಬರಲಿಲ್ಲ. ಗೋವಿಂದಯ್ಯ ಮಾತ್ರ, ಆದದ್ದು ಆಯಿತು, ಮೊದಲಿನ ಹಾಗೇ ಫಿಲ್ಮು ತಂದುಕೊಡು ಎಂದು ಎರಡು ಸಲ ಹೇಳಿಕಳಿಸಿದ. ಕಾಶಮ್ಮ ಫಿಲ್ಮು ಕಳಿಸಲಿಲ್ಲ. ಬಚ್ಚಲುಮನೆಯ ಗವಾಕ್ಷಿಗೆ ಕಂಬಳಿ ಹೊದಿಸಿ, ಬಲ್ಬಿಗೆ ಕೆಂಪು ಕಾಗದ ಸುತ್ತಿ, ಒಂದು ಡಜನ್ ಕಾಗದ ಹಾಳು ಮಾಡಿ, ಬೈದುಕೊಂಡು ಬೈದುಕೊಂಡು ತಾನೇ ಫಿಲ್ಮು ತೊಳೆದು ಪ್ರಿಂಟು ಹಾಕುವುದನ್ನು ಕಲಿತಳು. ಹದಿಮೂರನೆಯದರಲ್ಲಿ ದಾಕ್ಷಾಯಣಿಯ ಮುಖ ಇದ್ದ ಹಾಗೇ ಬಂತು.

ಮೂರನೆಯ ತಿಂಗಳು ಒಂದು ಮಧ್ಯಾಹ್ನ ಶಿವಮೊಗ್ಗದ ಬಸ್ಸಿಳಿದು ತಾಯಿ ಮಗಳಿಬ್ಬರೂ ಕಾಶಮ್ಮನ ಮನೆಗೆ ಬಂದರು. ತುಮಕೂರಿನ ಕಡೆಯವರು ಕೇಳುತ್ತಿದ್ದಾರೆ, ಫೋಟೋ ಕಳಿಸಬೇಕು, ಈ ಸಲ ಕಳಿಸುವವಳು ತಾನು ಎಂದಳು ಬಂಗಾರಮ್ಮ. ಮದುವೆಗಿರುವ ಹುಡುಗಿಯರ ಮನೆ ಇನ್ನೂ ಮೂರಿವೆ, ಅಲ್ಲಿನ ಹೆಂಗಸರಿಗೂ ವಿಷಯ ಮುಟ್ಟಿಸಿದ್ದೇನೆ ಎಂದೂ ಹೇಳಿದಳು. ಕಾಶಮ್ಮ ಫೋಟೋವನ್ನು ಬೋರಲಾಗಿಸಿ ಮೂಲೆಯಲ್ಲಿ ಶಾಯಿಯಿಂದ ಬರೆದಳು: ತೆಗೆದವರು, ಕಾಶಮ್ಮ, ಹಳೇನಗರ, ಭದ್ರಾವತಿ.

ದಾಕ್ಷಾಯಣಿ ಪೆನ್ನು ಇಸಿದುಕೊಂಡಳು. ತಂದೆಯ ಹೆಸರು ಬರೆಯುವ ಜಾಗ ಬಿಟ್ಟು ತನ್ನ ಹೆಸರು ಬರೆದಳು. ಅದರ ಕೆಳಗೆ, ಒತ್ತಿ ಒತ್ತಿ, ಇನ್ನೊಂದು ಸಾಲು: ಮುಖದ ಮೇಲೆ ಸಿಡುಬಿನ ಕಲೆ ಇದೆ, ನೋಡಿಕೊಂಡು ಬನ್ನಿ.