ಗೋಡೆ ನೋಡಿದ ಬಗ್ಗೆ

ಚಾರ್ಟಿನ ಮೂರು ಮೂಲೆಗೆ ಗೋಂದು ಹಚ್ಚಿ ಆಗಿತ್ತು. ನಾಲ್ಕನೆಯದಕ್ಕೆ ಕೈ ಹಾಕುವಷ್ಟರಲ್ಲಿ ಕಡ್ಡಿ ಮಿಸ್ ಸಾಮಾನಿನ ಕೋಣೆಗೆ ಬಂದು, ಕಾಲು ಮುರಿದ ಬೆಂಚಿನ ಮೇಲೆ ಕುಳಿತು ಅಳತೊಡಗಿದಳು.

ನಮ್ಮ ಶಾಲೆಗೆ ತರಬೇತಿಗೆಂದು ಬಂದವಳು ಅವಳು. ಟೀಚರಾಗುವ ಮೊದಲು ಇವರೆಲ್ಲ ಒಂದೊಂದು ವಿಷಯ ಹಿಡಿದು ತರಗತಿಯಲ್ಲೇ ಪುಟ್ಟ ಸಂಶೋಧನೆ ಮಾಡಿ ವರದಿ ಕೊಡಬೇಕು. ವರದಿ ಒಪ್ಪಿಗೆಯಾಗದಿದ್ದರೆ ಸರ್ಟಿಫಿಕೇಟ್ ಇಲ್ಲ, ಇನ್ನೊಂದು ವರ್ಷ ಕಾಯಬೇಕು. ಇವಳು ಗಣಿತ ಹಿಡಿದಳು. ಮೂರನೇ ತರಗತಿಗೆ ಮೊದಲು ಒಂದು ಪರೀಕ್ಷೆ. ಆಮೇಲೆ ಆರು ವಾರ ಹತ್ತು ಹತ್ತು ಕಡ್ಡಿಗಳ ಕಟ್ಟು ಬಿಚ್ಚಿ ಕಳೆಯುವ ಲೆಕ್ಕ ಕಲಿಸುವುದು. ಕೊನೆಗೆ ಇನ್ನೊಂದು ಪರೀಕ್ಷೆ. ಕಡ್ಡಿ ಮಿಸ್ ಎಂಬುದು ಮಕ್ಕಳು ಇಟ್ಟ ಹೆಸರು. ಆರು ವಾರ ಆ ಕಡ್ಡಿಗಳನ್ನು ಗುಡಿಸಿದವಳು ನಾನು, ಈ ಶಾಲೆಯ ಆಯಾ.

"ಏನಾಯ್ತು ತಾಯಿ?"

"ಮೊದಲ ಪರೀಕ್ಷೇಲಿ ಸರಾಸರಿ ಇಪ್ಪತ್ತಕ್ಕೆ ಹನ್ನೊಂದು ಬಂದಿತ್ತು ಅಜ್ಜಿ. ನಾನು ಕಲಿಸಿದ ಮೇಲೆ ಏಳು."

"ನಿಮ್ಮ ವರದಿ ನೋಡೋ ಗೈಡ್ ಸರ್ ಏನಂದ್ರು?"

"ನನ್ನ ಇಪ್ಪತ್ತು ವರ್ಷದ ಸರ್ವೀಸಲ್ಲಿ ಸಂಶೋಧನೆಯಿಂದ ಮಕ್ಕಳು ದಡ್ಡರಾಗಿದ್ದು ಇದೇ ಮೊದಲು, ಹೋಗಿ ಏರಿದ ಅಂಕಿ ತಗೊಂಡು ಬಾ ಅಂದ್ರು."

ಪಕ್ಕದ ತರಗತಿಯಲ್ಲಿ ಓದುವ ಆಟ ಆಡಿಸಿದ ಇವಳ ಜೊತೆಗಾತಿಯ ಅಂಕಿ ಶೇಕಡಾ ನಲವತ್ತು ಏರಿತ್ತು. ಎರಡನೇ ಪರೀಕ್ಷೆಯ ದಿನ ಅವಳು ಅಕ್ಕನ ಮನೆಗೆ ಹೋಗಿದ್ದಳು. ಪರೀಕ್ಷೆ ನಡೆದಿರಲಿಲ್ಲ, ಏರಿಕೆ ಮಾತ್ರ ಆಗಿತ್ತು.

ಹೇಳಲೋ ಬೇಡವೋ ಎಂದು ನಾನು ನಾಲ್ಕು ದಿನದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಗೋಂದಿನ ಬೆರಳು ಒರೆಸಿಕೊಂಡೆ.

"ಬೈಯೋದಾದ್ರೆ ಈಗ್ಲೇ ಬೈದುಬಿಡು. ಈ ಚಾರ್ಟು ತೆಗೆದದ್ದು ನಾನೇ."

ಒಂದರಿಂದ ನೂರರವರೆಗೆ ಮನೆ ಮನೆಯಾಗಿ ಅಂಕಿ ಬರೆದ ಚಾರ್ಟು ಅದು. ಮೂರನೇ ತರಗತಿಯ ಎಡಗೋಡೆಯ ಮೇಲೆ ವರ್ಷಗಟ್ಟಲೆ ಇದ್ದದ್ದು. ತಪಾಸಣೆಗೆ ಸಾಹೇಬರು ಬರುತ್ತಾರೆ, ಹರಿದದ್ದೆಲ್ಲ ತೆಗಿ ಎಂದು ಹೆಡ್ ಮೇಡಂ ಅಂದ ದಿನವೇ ಇವಳ ಎರಡನೇ ಪರೀಕ್ಷೆ.

"ಅದಕ್ಕೂ ಇದಕ್ಕೂ ಏನಜ್ಜಿ ಸಂಬಂಧ?"

"ನೀನು ಗಡಿಯಾರ ನೋಡ್ತಿದ್ದೆ. ನಾನು ಬಾಗಿಲಲ್ಲಿ ನಿಂತು ಮಕ್ಕಳ ಗದ್ದ ನೋಡ್ತಿದ್ದೆ. ಮೊದಲ ಸಲ ಎಲ್ಲರ ಗದ್ದವೂ ಎಡಗಡೆಗೆ. ಐವತ್ತೆರಡರಲ್ಲಿ ಹದಿನೇಳು ಕಳೀರಿ ಅಂದ್ರೆ, ಐವತ್ತೆರಡರ ಮನೆಯಿಂದ ಗದ್ದ ಕುಣಿಸ್ಕೊಂಡು ಒಂದೊಂದೇ ಮನೆ ಹಿಂದೆ ಹೋಗೋವು. ಎರಡನೇ ಸಲ ಪಾಪ, ಖಾಲಿ ಗೋಡೆ ಮೇಲೆ ಹುಡುಕ್ತಿದ್ವು."

ಅಳು ಥಟ್ಟನೆ ನಿಂತಿತು. "ಹಾಗಾದ್ರೆ ಚಾರ್ಟ್ ಹಾಕಿ ಇನ್ನೊಂದು ಪರೀಕ್ಷೆ ಮಾಡಿದ್ರೆ ನಾನು ಗೆದ್ದ ಹಾಗೇ!"

ಗೋಂದು ಒಣಗಲೂ ಬಿಡಲಿಲ್ಲ. ಮರುದಿನವೇ ಪರೀಕ್ಷೆ. ಹದಿನಾಲ್ಕು! ಕುಣಿದಾಡಿಬಿಟ್ಟಳು. ಮುಂದಿನ ಬೆಂಚಿನ ಚೂಟಿ ಹುಡುಗಿಯನ್ನು ಕರೆದು, "ಹೇಗೆ ಮಾಡಿದೆ ಪುಟ್ಟಿ? ಕಡ್ಡಿ ಕಟ್ಟು ನೆನಪಾಯ್ತಾ?" ಎಂದಳು.

"ಇಲ್ಲ ಮಿಸ್. ಕಡ್ಡಿ ಬರೀ ರಗಳೆ. ಗೋಡೆ ಇದ್ರೆ ಸಾಕು."

ಕಡ್ಡಿ ಮಿಸ್ ಮುಖ ಸಣ್ಣದಾಯಿತು. ಅವತ್ತೇ ಗೈಡ್ ಸರ್‌ಗೆ ಪತ್ರ ಬರೆದಳು. ನನ್ನ ಕಡ್ಡಿಗಳಿಂದ ಏನೂ ಆಗಿಲ್ಲ, ಮಕ್ಕಳು ಲೆಕ್ಕ ಮಾಡುತ್ತಿಲ್ಲ, ಗೋಡೆ ಎಣಿಸುತ್ತಿದ್ದಾರೆ, ನಾನು ಕಂಡುಕೊಂಡದ್ದು ಇಷ್ಟೇ, ಹನ್ನೊಂದು, ಏಳು, ಹದಿನಾಲ್ಕು ಮೂರನ್ನೂ ವರದಿಯಲ್ಲಿ ಹಾಕುತ್ತೇನೆ ಎಂದು. ಬರೆದು ಬ್ಯಾಗಿನಲ್ಲಿಟ್ಟಳು. ಬ್ಯಾಗು ದಿನಾ ಮನೆಗೆ ಹೋಯಿತು, ಶಾಲೆಗೆ ಬಂತು. ಪತ್ರವೂ ಅದರ ಜೊತೆಗೇ ಓಡಾಡಿಕೊಂಡಿತ್ತು.

"ಆ ಏಳನ್ನ ಬಿಡೇ. ಹನ್ನೊಂದು, ಹದಿನಾಲ್ಕು ಅಂತ ಬರಿ. ಸುಳ್ಳೂ ಅಲ್ಲ, ತಂಟೆಯೂ ಇಲ್ಲ," ಎಂದಳು ಜೊತೆಗಾತಿ. ಅವಳ ವರದಿಗೆ ಆಗಲೇ 'ಅತ್ಯುತ್ತಮ' ಎಂಬ ಷರಾ ಬಂದಿತ್ತು.

ಮೂರು ವಾರ ಕಳೆದ ಮೇಲೆ ಗೈಡ್ ಸರ್ ಫೋನ್ ಮಾಡಿದರು. ಇವಳು ಹೆದರುತ್ತಲೇ ಗೋಡೆಯ ವಿಷಯ ಬಾಯಿಬಿಟ್ಟಳು. ನನಗೂ ಕೇಳುವಷ್ಟು ಗಟ್ಟಿಯಾಗಿ ಅವರು ಅಂದರು: "ಆಯಾ ನೋಡಿದ್ದೆಲ್ಲ ಆಧಾರ ಆಗಲ್ಲಮ್ಮ! ಬರವಣಿಗೇಲಿ ಇರಬೇಕು. ಮುಂದಿನ ಸೋಮವಾರ ಕೊನೇ ದಿನ."

"ಬರವಣಿಗೇಲಿ ತಾನೇ?" ಅಂದೆ ನಾನು.

ರಾತ್ರಿ ಶಾಲೆಯಲ್ಲಿ ಪತ್ರದ ಪಾಠ ಕಲಿತು ಒಂಬತ್ತು ವರ್ಷವಾಗಿತ್ತು. ಬರೆಯೋಣವೆಂದರೆ ಯಾರೂ ಇರಲಿಲ್ಲ. ಹಾಗಾಗಿ 'ಇಂದ', 'ಗೆ', 'ದಿನಾಂಕ', 'ವಿಷಯ' ಎಲ್ಲವೂ ಬಳಸದ ಪಾತ್ರೆಯ ಹಾಗೆ ಹೊಸದಾಗಿಯೇ ಉಳಿದಿದ್ದವು. ವಿಷಯದ ಎದುರು 'ಮಕ್ಕಳು ಗೋಡೆ ನೋಡಿದ ಬಗ್ಗೆ' ಎಂದು ಬರೆದೆ. ಮುಗಿಸಲು ಎರಡು ದಿನ ಹಿಡಿಯಿತು.

ಅವಳು ನಿಂತಲ್ಲೇ ಓದಿದಳು. "ಚಾರ್ಟು ತೆಗೆದದ್ದು ನಾನೇ ಅಂತ ಬರೆದುಬಿಟ್ಟಿದ್ದೀರಲ್ಲ! ಹೆಡ್ ಮೇಡಂ ನೋಡಿದ್ರೆ ಸುಮ್ನೆ ಬಿಡ್ತಾರಾ?"

"ತೆಗಿ ಅಂದಿದ್ದು ಅವರೇ. ಅದನ್ನೂ ಬರೆದಿದ್ದೀನಿ, ಹಾಳೆ ತಿರುಗಿಸಿ ನೋಡು."

ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಸರ್ ಒಪ್ಪದಿದ್ರೆ ಇನ್ನೊಂದು ವರ್ಷ ಅಜ್ಜಿ."

"ಹೂಂ. ಇನ್ನೊಂದು ವರ್ಷ ಕಡ್ಡಿ ಗುಡಿಸ್ತೀನಿ, ಬಿಡು."

ಎರಡೂ ಪತ್ರ ಒಂದೇ ಲಕೋಟೆಗೆ ಹೋದವು. ಅವಳ ಪತ್ರ ಮಡಿಕೆಯಲ್ಲಿ ಹರಿಯುವ ಹಾಗಾಗಿತ್ತು. ಅದೇ ಗೋಂದಿನಿಂದ ಲಕೋಟೆಯ ಬಾಯಿ ಅಂಟಿಸಿದೆ. ಬೀದಿ ತಿರುವಿನ ಅಂಚೆ ಪೆಟ್ಟಿಗೆಯೊಳಗೆ ಅವಳು ಲಕೋಟೆಯನ್ನು ಅರ್ಧ ತಳ್ಳಿದಳು. ಉಳಿದರ್ಧವನ್ನು ಬಿಗಿಯಾಗಿ ಹಿಡಿದುಕೊಂಡೇ ನಿಂತಳು. ಒಂದನೇ ತರಗತಿಯ ಮಕ್ಕಳು ತಾವೇ ಅಂಗಿಯ ಗುಂಡಿ ಹಾಕಿಕೊಳ್ಳುವವರೆಗೆ ಕಾಯುವ ಹಾಗೆ ಪಕ್ಕದಲ್ಲಿ ಕಾದೆ.

ಬೆರಳು ಸಡಿಲವಾಯಿತು. ಲಕೋಟೆ ತಳಕ್ಕೆ ಬಿದ್ದ ಸದ್ದು ಇಬ್ಬರಿಗೂ ಕೇಳಿಸಿತು.