ಉಪ್ಪು ತೊಳೆಯದ ಮೀನು

ದರ್ಜಿಯ ಐದೂ ಕೋಳಿಗಳು ಹಳೆಯ ಪುಕ್ಕ ಉದುರಿಸಿಕೊಂಡು, ಮೊಟ್ಟೆ ಇಡುವುದನ್ನು ನಿಲ್ಲಿಸಿ ಆರು ವಾರವಾಗಿತ್ತು. ಅವಳಿಗೆ ಚುಚ್ಚಿದ್ದು ಅದಲ್ಲ. ತನ್ನದೇ ಮನೆಯಲ್ಲಿ, ತಾನೇ ಹೊಲಿದ ದಿಂಬಿಗೆ ಒರಗಿ ಕೂತ ಅತ್ತೆ, ಬೇಲಿಯಾಚೆಯ ಓರಗಿತ್ತಿ ಕಳಿಸುವ ಮೊಟ್ಟೆಯನ್ನು ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ ಸವಿಯುತ್ತಿದ್ದುದು ಚುಚ್ಚಿತ್ತು.

"ಅವಳ ಕೋಳಿ ನೋಡು, ಎಣ್ಣೆ ಹಚ್ಚಿ ಬಾಚಿದ ಹಾಗಿದಾವೆ," ಎಂದರು ಅತ್ತೆ. "ನಿನ್ನವು, ಯಾರೋ ಅರ್ಧ ಕಿತ್ತು ಮನಸ್ಸು ಬದಲಾಯಿಸಿ ಬಿಟ್ಟ ಹಾಗಿದಾವೆ."

"ಪುಕ್ಕ ಬರತ್ತೆ, ಬಿಡಿ ಅತ್ತೆ."

"ಬರೀ ಜೋಳ ಹಾಕಿದ್ರೆ ಎಲ್ಲಿಂದ ಬರತ್ತೆ? ಪ್ರೋಟೀನು ಬೇಕಂತೆ. ಹೋಗಿ ಅವಳನ್ನ ಕೇಳು."

ಕೇಳುವುದು! ಬೇಕರಿಯಲ್ಲಿ ಹಿಟ್ಟು ನಾದುವ, ತನಗಿಂತ ಒಂಬತ್ತು ವರ್ಷ ಚಿಕ್ಕವಳನ್ನು! ಅದಕ್ಕಿಂತ ಕದ್ದು ನೋಡುವುದೇ ಮರ್ಯಾದೆ ಎನಿಸಿತು. ಹೊಲಿಗೆ ಯಂತ್ರವನ್ನು ಹಿತ್ತಲ ಕಿಟಕಿಗೆ ಎಳೆದುಕೊಂಡು ಮೂರು ಮಧ್ಯಾಹ್ನ ಕಾದಳು. ಯಾರದೋ ಪ್ಯಾಂಟಿನ ಎರಡು ಕಾಲುಗಳೂ ಒಂದಾಗಿ ಹೊಲಿದುಹೋದವು. ಕೊನೆಗೂ ಗುಟ್ಟು ಸಿಕ್ಕಿತು: ಒಣಮೀನಿನ ಪುಡಿ.

ಕೂಡಲೇ ಒಂದು ಕಿಲೋ ಒಣಮೀನು ತಂದಳು. ಓರಗಿತ್ತಿ ಚಿಟಿಕೆ ಹಾಕಿದರೆ ತಾನು ಬೊಗಸೆ ಹಾಕಿದಳು.

ಮರುದಿನ ಕೋಳಿಗಳು ನೀರಿನ ಬಟ್ಟಲನ್ನು ನಾಲ್ಕು ಸಲ ಬರಿದು ಮಾಡಿ, ನೀರು ನೀರಾಗಿ ಹಿಕ್ಕೆ ಹಾಕಿ, ತಲೆ ಜೋತುಬಿಟ್ಟು ನಿಂತವು. ದರ್ಜಿ ಬೇಡ ಬೇಡ ಎನ್ನುತ್ತಿದ್ದಂತೆಯೇ ಅತ್ತೆ ಬೇಲಿಯ ಹತ್ತಿರ ಹೋಗಿ ಕಿರಿಸೊಸೆಯನ್ನು ಕೂಗಿಬಿಟ್ಟರು.

ಓರಗಿತ್ತಿ ಚೀಲದಿಂದ ಒಂದು ಮೀನು ತೆಗೆದು ನಾಲಿಗೆಗೆ ತಾಗಿಸಿದಳು. "ಅಯ್ಯೋ ಅಕ್ಕಾ, ಉಪ್ಪುಮೀನು! ಉಪ್ಪು ತೊಳೆದ್ರಾ?"

"ತೊಳೀಬೇಕಾ?"

"ಎರಡು ಸಲ ನೆನೆಸಿ, ನೀರು ಚೆಲ್ಲಿ, ಒಣಗಿಸಿ ಪುಡಿ ಮಾಡ್ತೀನಿ. ಅದೂ ಚೂರೇ ಚೂರು. ಜೊತೆಗೆ ಬೇಯಿಸಿದ ಸೋಯಾ, ಗೊಬ್ಬರದ ಗುಂಡಿಯ ಹುಳ."

"ಮೊದಲೇ ಹೇಳ್ಬಾರ್ದಿತ್ತಾ?"

"ಮೂರು ದಿನದಿಂದ ಕಿಟಕೀಲೇ ಇದ್ರಲ್ಲ. ನೋಡಿ ಕಲೀತಿದೀರಾ ಅಂದ್ಕೊಂಡೆ."

ಅತ್ತೆ ಕೆಮ್ಮಿನ ನೆಪದಲ್ಲಿ ನಕ್ಕರು. ದರ್ಜಿಯ ಕಿವಿ ಬಿಸಿಯಾಯಿತು.

ಮೀನು ನಿಲ್ಲಿಸಿ ಬರೀ ಜೋಳ, ನೀರು ಕೊಟ್ಟ ಮೇಲೆ ಕೋಳಿಗಳು ಚೇತರಿಸಿಕೊಂಡವು. ಆಮೇಲೆ ಅವಳು ಸೋಯಾ ಬೇಯಿಸಿದಳು. ಸೂಜಿ ಹಿಡಿಯುವ ಬೆರಳಲ್ಲಿ ಗೊಬ್ಬರ ಕೆದಕಿ ಹುಳ ಆರಿಸಿದಳು. ಪ್ರತಿಯೊಂದು ಹುಳವನ್ನೂ ಓರಗಿತ್ತಿಯ ಹೆಸರು ಹೇಳಿಯೇ ಎಸೆದಳು. ಐದು ವಾರಕ್ಕೆ ಹೊಸ ಪುಕ್ಕ ತುಂಬಿತು; ಒಂದು ಬೆಳಿಗ್ಗೆ, ಒಂದೇ ಒಂದು ಮೊಟ್ಟೆ.

ಬೇಯಿಸಿ, ಸುಲಿದು, ಮಾತಿಲ್ಲದೆ ಅತ್ತೆಯ ಮುಂದಿಟ್ಟಳು. ಅತ್ತೆ ಕಣ್ಣು ಮುಚ್ಚಿದರು.

"ಆಹಾ! ಅವಳ ಕೈಗುಣವೇ ಕೈಗುಣ."

"ಅತ್ತೆ, ಅದು ನನ್ನ ಕೋಳೀದು."

ಅತ್ತೆ ಒಂದು ಕಣ್ಣು ತೆರೆದರು. "ಹೌದಾ? ಮೊದಲೇ ಹೇಳಿದ್ರೆ ಗಮನ ಇಟ್ಟು ತಿಂತಿದ್ದೆ. ಇನ್ನೊಂದು ಕೊಡು."

ಇನ್ನೊಂದು ಇರಲಿಲ್ಲ. ಬೇಲಿಯಾಚೆ ಓರಗಿತ್ತಿ ತುಂಬಿದ ಬುಟ್ಟಿ ಹಿಡಿದು, ಕೇಳಿದರೆ ಕೊಡುವ ಮುಖ ಮಾಡಿಕೊಂಡು ನಿಂತಿದ್ದಳು.

"ಇವತ್ತಿಲ್ಲ ಅತ್ತೆ," ಎಂದಳು ದರ್ಜಿ, ಕಿಟಕಿ ಎಳೆದು ಹಾಕುತ್ತ. "ಎಲ್ಲೂ ಇಲ್ಲ."