ಗುಡ್ಡಮ್ಮನ ಬೀಗ

ಗುಡ್ಡಮ್ಮನ ಸೊಂಟದ ಕಪ್ಪು ದಾರದ ಗಂಟು ಬಿಚ್ಚಿಕೊಳ್ಳಲಿಲ್ಲ. ಮಾಲತಿ ಉಗುರು ಹಾಕಿ ಎಳೆದಳು, ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಎಳೆದಳು, ಕೊನೆಗೆ ಹಲ್ಲು ಹಾಕೋಣವೆಂದು ಬಗ್ಗಿದಳು. ಬಿಸಿನೀರಿನ ಚೊಂಬು ಹಿಡಿದು ನಿಂತಿದ್ದ ಪ್ರೇಮಕ್ಕ ತಡೆದಳು.

"ಹೆಣ ಕಚ್ಚಬೇಡ ಮಾರಾಯ್ತಿ. ಯಾರಾದ್ರೂ ನೋಡಿದ್ರೆ ಎಂತ ಅಂದ್ಕೊಂಡಾರು?"

"ದಾರದಲ್ಲಿ ಕೀ ಇದೆ ಪ್ರೇಮಕ್ಕ. ಮೂರನೇ ಮಿಷಿನ್ನಿಂದು."

ಪ್ರೇಮಕ್ಕ ಚೊಂಬು ಕೆಳಗಿಟ್ಟು ಕೀಯನ್ನೊಮ್ಮೆ, ಮಲಗಿದ್ದ ಗುಡ್ಡಮ್ಮನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅಳುವ ಮನೆಯಲ್ಲಿ ನಗು ಬಂದರೆ ಅದನ್ನು ತಡೆಯುವುದು ಎಷ್ಟು ಕಷ್ಟ ಎಂಬುದು ತಡೆದವರಿಗೇ ಗೊತ್ತು. ಮಾಲತಿಗೂ ಬಂತು.

ಗುಡ್ಡಮ್ಮ ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿದ್ದಳು. ಯಾರನ್ನೂ ಕರೆಯಲಿಲ್ಲ, ನೀರು ಕೇಳಲಿಲ್ಲ. ಜತೆಗಿದ್ದ ತಮ್ಮ ಕೃಷ್ಣಪ್ಪ ಕಾಫಿ ತಂದು ಎಬ್ಬಿಸಿದಾಗಲೇ ವಿಷಯ ತಿಳಿದದ್ದು. ಗಂಡ ಎಂದೋ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಆದರೂ ಕಮ್ಮರಡಿ ಹತ್ತಿರದ ಆ ಪುಟ್ಟ ಕಾಲೋನಿಯಲ್ಲಿ ಕೂರಲು ಜಾಗವಿಲ್ಲದಷ್ಟು ಜನ ಸೇರಿದ್ದರು. ಅರ್ಧಕ್ಕರ್ಧ ಹಾಳೆ ತಟ್ಟೆ ಫ್ಯಾಕ್ಟರಿಯವರು.

ಫ್ಯಾಕ್ಟರಿ ಅಂದರೆ ದೊಡ್ಡದೇನಲ್ಲ. ಶೀಟಿನ ಮಾಡು, ಅದರ ಕೆಳಗೆ ಸಾಲಾಗಿ ಪ್ರೆಸ್ಸುಗಳು. ಉದುರಿದ ಅಡಿಕೆ ಹಾಳೆಯನ್ನು ನೆನೆಸಿ, ತೊಳೆದು, ಕಾದ ಅಚ್ಚಿನ ಮೇಲಿಟ್ಟು ಎರಡು ಗುಂಡಿ ಒತ್ತಿದರೆ ಮೇಲಿನ ಅಚ್ಚು ಧಡ್ಡೆಂದು ಇಳಿದು, ತಟ್ಟೆ ಮಾಡಿಟ್ಟು ಮೇಲೇಳುತ್ತದೆ. ಎರಡು ಗುಂಡಿಯೂ ಒಟ್ಟಿಗೆ ಒತ್ತಿದರೆ ಮಾತ್ರ. ಎರಡೂ ಕೈ ಗುಂಡಿಯ ಮೇಲಿದ್ದರೆ, ಅಚ್ಚಿನೊಳಗೆ ಇಡಲು ಮೂರನೇ ಕೈಯನ್ನು ದೇವರು ಯಾರಿಗೂ ಕೊಟ್ಟಿಲ್ಲವಲ್ಲ. ಮಿಷಿನ್ ಮಾಡಿದವರ ಲೆಕ್ಕಾಚಾರ ಅದು. ಅದನ್ನು ಕಾಯುವುದು ಗುಡ್ಡಮ್ಮನ ಕೆಲಸ.

ಅವಳದ್ದೇ ಇನ್ನೊಂದು ಕಟ್ಟಳೆ ಇತ್ತು. ಯಾವ ಮಿಷಿನ್ನಿಗಾದರೂ ತೊಂದರೆ ಕಂಡರೆ ಅದರ ಮೇನ್ ಸ್ವಿಚ್ಚು ಇಳಿಸಿ ಬೀಗ ಹಾಕಬೇಕು. ಹಾಕಿದವರೇ ತೆಗೆಯಬೇಕು. ಕೀ ಅವರ ಮೈಮೇಲಿರಬೇಕು. ಫ್ಯಾಕ್ಟರಿ ಸಾಹುಕಾರ ಅರುಣ ಇನ್ನೊಂದು ಕೀ ಇಟ್ಟುಕೊಂಡಿದ್ದನ್ನು ಕಂಡು, ಅದನ್ನು ಇಸಿದುಕೊಂಡು ಹೋಗಿ ಹಳ್ಳಕ್ಕೆ ಎಸೆದು ಬಂದಿದ್ದಳು.

ಈಗ ಮೂರನೇ ಮಿಷಿನ್ನಿಗೆ ಬೀಗ ಹಾಕಿ ಅವಳೇ ಹೋಗಿದ್ದಾಳೆ.

*

ಹಿಂದಿನ ಸಂಜೆ ಕೆಲಸ ಮುಗಿಯುವ ಹೊತ್ತು. ಮೂರನೆಯದು ಮಾಲತಿಯ ಮಿಷಿನ್ನು. ಅವಳು ಕೈಕಾಲು ತೊಳೆಯಲು ಎದ್ದಾಗ, ಉಳಿದಿದ್ದ ನಾಲ್ಕಾರು ಹಾಳೆ ಮುಗಿಸುತ್ತೇನೆಂದು ಗುಡ್ಡಮ್ಮ ಕೂತಿದ್ದಳು. ಮಾಲತಿ ನಲ್ಲಿ ನಿಲ್ಲಿಸಿ ತಿರುಗುವಷ್ಟರಲ್ಲಿ ಸ್ವಿಚ್ಚು ಇಳಿಸಿದ ಸದ್ದು, ಹಿಂದೆಯೇ ಬೀಗದ ಸದ್ದು.

"ಎಂತ ಆತು ದೊಡ್ಡಮ್ಮ?"

"ನಾಳೆ ಹೇಳ್ತೀನಿ. ಹಾಲಿನ ಸೊಸೈಟಿ ಮುಚ್ಚತ್ತೆ."

"ಹೇಳೇ ಹೋಗಿ."

"ಹಾಲಿಲ್ದಿದ್ರೆ ಕೃಷ್ಣಪ್ಪ ಬೆಳಿಗ್ಗೆ ಮುಖ ಊದಿಸ್ಕೊಂಡು ಕೂರ್ತಾನೆ. ನಿಂಗೆ ನಾಳೆ ತನಕ ತಡ್ಯಕ್ಕಾಗಲ್ವಾ?"

ಕೀಯನ್ನು ದಾರಕ್ಕೆ ಕಟ್ಟಿಕೊಳ್ಳುತ್ತಲೇ ಗೇಟು ದಾಟಿದಳು. ಮಾಲತಿ ಅವಳ ಮಾತು ಕೇಳಿದ್ದು ಅದೇ ಕೊನೆ.

*

ಅರುಣ ಬಂದಾಗ ಚಟ್ಟ ಕಟ್ಟುತ್ತಿದ್ದರು. ಒಳ್ಳೆಯ ಹುಡುಗ. ತೋಟ ಗದ್ದೆ ಇರುವ ಮನೆಯವನಾದರೂ ಆಳುಗಳ ಜತೆ ಕೂತು ಉಣ್ಣುವವನು. ಹಾರ ಹಾಕಿ ಕೈಮುಗಿದು, ಕಣ್ಣೊರೆಸಿಕೊಂಡು, ಅಂಗಳದ ಮೂಲೆಯಲ್ಲಿ ನಿಂತ. ಜೇಬಿನಲ್ಲಿ ಫೋನು ಗುರುಗುಟ್ಟುತ್ತಲೇ ಇತ್ತು. ಕೊನೆಗೆ ಫಿಟ್ಟರ್ ವಿಜಯನ ಕಿವಿಯಲ್ಲಿ ಏನೋ ಹೇಳಿದ. ವಿಜಯ ತಲೆ ಕೆರೆದುಕೊಳ್ಳುತ್ತ ಮಾಲತಿಯ ಹತ್ತಿರ ಬಂದ.

"ಮಾಲ್ತಿ, ಕೀ ಎಲ್ಲಿ ಅಂತ ಗೊತ್ತಾ?"

"ದೊಡ್ಡಮ್ಮನ ಸೊಂಟದಲ್ಲಿ."

"ಶೃಂಗೇರಿ ಮದ್ವೆ ನಾಳೆ. ಊಟದ ತಟ್ಟೆ ಮೂರ್ನೇದ್ರಲ್ಲಿ ಮಾತ್ರ ಬರೋದು. ಗಾಡಿ ಬಂದು ನಿಂತಿದೆ ಮಾರಾಯ್ತಿ."

"ಬಾಳೆ ಎಲೆ ಹಾಕ್ಲಿ," ಎಂದಳು ಪ್ರೇಮಕ್ಕ. "ತಟ್ಟೆ ಇಲ್ದಿದ್ರೆ ಯಾರೂ ಸಾಯಲ್ಲ." ಅಂದ ಮೇಲೆ ಎಲ್ಲಿ ನಿಂತು ಅಂದೆ ಎಂಬುದು ಹೊಳೆದು ನಾಲಿಗೆ ಕಚ್ಚಿಕೊಂಡಳು.

ಅರುಣನೂ ಹತ್ತಿರ ಬಂದ. "ಬೀಗ ಒಡೆದ್ರೆ ಒಂದೇ ಏಟು. ಆದ್ರೆ ಒಡೆಯಕ್ಕೆ ಮನಸ್ಸು ಬರಲ್ಲ. ಅವರಿದ್ದಾಗ ಮುಟ್ಟಿದವನಲ್ಲ ನಾನು." ಮಾಲತಿಯ ಕಡೆ ತಿರುಗಿದ. "ಬೀಗ ತೆಗೆದ್ರೆ ನೀನು ಕೂರ್ತೀಯಲ್ಲ?"

ಎಲ್ಲರೂ ಅವಳನ್ನೇ ನೋಡಿದರು. ಗುಡ್ಡಮ್ಮ ಏನು ಕಂಡಳೋ ಯಾರಿಗೂ ಗೊತ್ತಿಲ್ಲ. ಹೇಳುತ್ತೇನೆ ಅಂದವಳು ಬಾಯಿ ಮುಚ್ಚಿ ಮಲಗಿದ್ದಾಳೆ. ಹೂಂ ಅಂದರೆ ನಾಳೆಯಲ್ಲ, ಇವತ್ತೇ ಆ ಅಚ್ಚಿನೊಳಗೆ ಕೈ ಹಾಕುವವಳು ತಾನು. ಉಹೂಂ ಅಂದರೆ ಸತ್ತವಳ ಹೆಸರು ಹೇಳಿ ಕೆಲಸ ತಪ್ಪಿಸಿದಳು ಎಂಬ ಮಾತು.

"ಎಂತ ಆಗಿದೆ ಅಂತ ಬೀಗ ಹಾಕಿದ್ರು?" ಎಂದಳು.

"ಎಂತ ಇರತ್ತೆ," ಎಂದ ವಿಜಯ. "ನಿನ್ನೆ ಬೆಳಿಗ್ಗೆ ನಾನೇ ನೋಡಿದ್ದು. ಚೆನ್ನಾಗೇ ಓಡ್ತಿತ್ತು. ಆ ಹಲ್ಲಿ ಕತೆ ಮರ್ತೋಯ್ತಾ?"

ಮರೆಯುವ ಕತೆಯೇ ಅದು? ಹೋದ ವರ್ಷ ಎರಡನೇ ಮಿಷಿನ್ನು ಕಿಚ್ ಅಂತದೆ ಎಂದು ಗುಡ್ಡಮ್ಮ ಬೀಗ ಹಾಕಿದ್ದಳು. ವಿಜಯ ಎಲ್ಲಾ ಬಿಚ್ಚಿ ನೆಲದ ಮೇಲೆ ಹರಡಿದ. ಸಂಜೆ ನೋಡಿದರೆ ಸ್ವಿಚ್ಚಿನ ಪೆಟ್ಟಿಗೆಯ ಹಿಂದೆ ಒಂದು ಹಲ್ಲಿ ಕೂತು ಲೊಚಗುಟ್ಟುತ್ತಿತ್ತು. ಗುಡ್ಡಮ್ಮ ಅವಮಾನವಾಯಿತೆಂದು ಅಂದುಕೊಳ್ಳಲೇ ಇಲ್ಲ. "ಹಲ್ಲಿ ಅಂತ ಗೊತ್ತಾತಲ್ಲ, ಒಳ್ಳೇದಾತು," ಎಂದು ಬೀಗ ತೆಗೆದು ಎಲೆ ಅಡಿಕೆಯ ಕವಳ ಹಾಕಿಕೊಂಡು ಕೂತಿದ್ದಳು. ಅಂಗಳದಲ್ಲಿ ಈಗ ಅದನ್ನು ನೆನೆದು ಒಬ್ಬರಾದ ಮೇಲೊಬ್ಬರು ನಕ್ಕರು. ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ ಕೃಷ್ಣಪ್ಪನೂ ನಕ್ಕ, ನಗುತ್ತಲೇ ಅತ್ತ.

*

ಮಾಲತಿ ಫ್ಯಾಕ್ಟರಿಗೆ ಸೇರಿದ ಹೊಸತರಲ್ಲಿ ಕೈಗೆ ವೇಗ ಬರುತ್ತಿರಲಿಲ್ಲ. ಪಕ್ಕದವಳು ಒಂದು ಉಪಾಯ ಹೇಳಿಕೊಟ್ಟಳು. ಎಡಗಡೆ ಗುಂಡಿಯ ಸಂದಿಗೆ ಒಂದು ಅಡಿಕೆ ಸಿಕ್ಕಿಸಿದರೆ ಗುಂಡಿ ಒತ್ತಿದಂತೆಯೇ ಇರುತ್ತದೆ. ಎಡಗೈ ಬಿಡುವಾಗುತ್ತದೆ, ಬಲಗೈ ಒತ್ತುವಾಗ ಎಡಗೈಯಲ್ಲಿ ಹಾಳೆ ಸರಿಮಾಡಬಹುದು. ಬೇರೆ ಊರಿನವರು ಕಡ್ಡಿಯನ್ನೋ ಕಲ್ಲನ್ನೋ ಸಿಕ್ಕಿಸುತ್ತಾರೇನೋ. ಇಲ್ಲಿ ಎಲ್ಲರ ಮಡಿಲಲ್ಲೂ ಅಡಿಕೆ ಇದ್ದೇ ಇರುತ್ತದೆ. ಅದೂ ಆ ಸಂದಿಗೆಂದೇ ಬೆಳೆದ ಹಾಗೆ ಸರಿಯಾಗಿ ಕೂರುತ್ತದೆ.

ಗುಡ್ಡಮ್ಮ ಹಿಂದಿನಿಂದ ಬಂದಳು. ಬೈಯಲಿಲ್ಲ. ಮಿಷಿನ್ನು ನಿಲ್ಲಿಸಿ, ಅಡಿಕೆ ಕಿತ್ತು, ಸೆರಗಿಗೆ ಒರೆಸಿ, ಸಂಚಿಯಿಂದ ಎಲೆ ತೆಗೆದು ಸುಣ್ಣ ಹಚ್ಚಿ, ಆ ಅಡಿಕೆಯನ್ನೇ ಕತ್ತರಿಸಿ ಬಾಯಿಗೆ ಹಾಕಿಕೊಂಡಳು. ಮಾಲತಿಯ ಮುಂದೆಯೇ ನಿಂತು ನಿಧಾನವಾಗಿ ಅಗಿದಳು.

"ಒಳ್ಳೆ ಅಡಿಕೆ. ನಾಳೆ ಎಲೆನೂ ನೀನೇ ತಾ."

ಆಮೇಲೆ ತನ್ನ ಎಡಗೈ ಚಾಚಿದಳು. ತೋರುಬೆರಳು ಅರ್ಧಕ್ಕೇ ನಿಂತಿತ್ತು.

"ಅಕ್ಕಿ ಗಿರಣಿಲಿ ಹೋಗಿದ್ದು. ನಾನು ಬೆಲ್ಟ್ ಒರೆಸ್ತಿದ್ದೆ, ಒಬ್ಬ ಬಂದು ಸ್ವಿಚ್ ಹಾಕ್ದ. ಒಳ್ಳೆಯೋನೇ. ನಾನಿದ್ದಿದ್ದು ಅವ್ನಿಗೆ ಗೊತ್ತಿರ್ಲಿಲ್ಲ. ಅವತ್ತು ಒಂದು ಬೀಗ ಇದ್ದಿದ್ರೆ ಇವತ್ತು ಅಡಿಕೆ ಹೋಳು ಸರಿಯಾಗಿ ಹಿಡೀತಿದ್ದೆ."

ಆ ದಿನ ಮಾಲತಿಗೆ ಅವಳ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಬಳೆ ತೆಗಿ, ಜಡೆ ಕಟ್ಟು, ಸೆರಗು ಸಿಕ್ಕಿಸು, ರಿಪೇರಿ ಆದ ಮಿಷಿನ್ನನ್ನು ಒಂದು ಕವಳ ಜಗಿದು ಮುಗಿಯುವ ತನಕ ಬರಿದೇ ಓಡಿಸು, ಆಮೇಲೆ ಕೈ ಹಾಕು. ಅತ್ತೆಯಾದರೂ ಇಷ್ಟು ಕಾಡುತ್ತಿರಲಿಲ್ಲ ಎಂದು ಮನೆಯಲ್ಲಿ ಹೇಳಿಕೊಂಡಿದ್ದಳು. ಈಗ ಆ ಕಾಟವೂ ಇಲ್ಲ.

*

ಉಪಾಯ ಹೊಳೆದದ್ದು ಕೃಷ್ಣಪ್ಪನಿಗೆ.

"ಹೆಂಗೂ ಅರ್ಧ ದಾರೀಲಿ ಹೆಣ ಒಂದ್ಸಲ ಇಳಿಸ್ಬೇಕಲ್ಲ, ಅದು ನಮ್ಮ ಪದ್ಧತಿ. ಫ್ಯಾಕ್ಟರಿ ದಾರೀಲೇ ಇದೆ. ಅಲ್ಲೇ ಇಳಿಸಾಣ. ಹಾಕಿದ ಕೈಯೇ ತೆಗೀಲಿ. ಅಕ್ಕನ ಮಾತೂ ಉಳೀತು, ಅರುಣಣ್ಣನ ಕೆಲ್ಸನೂ ಆತು."

ಪ್ರೇಮಕ್ಕ ಕತ್ತರಿ ತಂದು ದಾರ ಕತ್ತರಿಸಿದಳು. ಮಾಲತಿ ಕೀಯನ್ನು ತುದಿ ಹೊರಗಿರುವಂತೆ ಗುಡ್ಡಮ್ಮನ ಬಲ ಮುಷ್ಟಿಯೊಳಗೆ ಇಟ್ಟಳು. ಆಗಲೇ ಸೆಟೆಯುತ್ತಿದ್ದ ಬೆರಳುಗಳು ಅದನ್ನು ಬಿಗಿಯಾಗಿ ಹಿಡಿದುಕೊಂಡವು.

ಫ್ಯಾಕ್ಟರಿಯ ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಬಿಟ್ಟರು. ಸ್ವಿಚ್ಚು ಗೋಡೆಯ ಮೇಲೆ ಎದೆಯೆತ್ತರದಲ್ಲಿತ್ತು, ಆದ್ದರಿಂದ ಚಟ್ಟವನ್ನು ಹೊತ್ತುಕೊಂಡೇ ಗೋಡೆಯ ಪಕ್ಕ ತರಬೇಕಾಯಿತು.

"ಎಡಕ್ಕೆ ಬಾ. ಇನ್ನೂ ಸ್ವಲ್ಪ."

"ಸಾಕು, ಸಾಕು, ತಲೆ ತಾಗತ್ತೆ."

"ಅವ್ಳಿಗೆಂತ ತಾಗದು, ನಿನ್ನ ಮೊಣಕೈ ನೋಡ್ಕ."

ಕೀ ಬೀಗದೊಳಗೆ ಹೋಯಿತು. ಆದರೆ ಕೈ ತಿರುಗಲಿಲ್ಲ. ಮಾಲತಿ ಮಣಿಕಟ್ಟು ಹಿಡಿದು ಮೆಲ್ಲಗೆ ಪ್ರಯತ್ನಿಸಿದಳು. ಗುಡ್ಡಮ್ಮ ಬದುಕಿದ್ದಾಗಲೂ ತನ್ನ ಪಟ್ಟು ಬಿಟ್ಟವಳಲ್ಲ. ಕೊನೆಗೆ ಚಟ್ಟ ಹೊತ್ತಿದ್ದ ವಿಜಯ ಬಿಡುವಿದ್ದ ಕೈಯಿಂದ ಬೀಗವನ್ನೇ ಹಿಡಿದು ತಿರುಗಿಸಿದ. ಕೀ ಹಾಗೆಯೇ ಇತ್ತು, ಬೀಗ ಸುತ್ತಿತು, ಕಟ್ಟೆಂದು ಬಿಟ್ಟುಕೊಂಡಿತು. ಮಾಲತಿ ಒಂದೊಂದೇ ಬೆರಳು ಬಿಡಿಸಿ ಕೀ ತೆಗೆದುಕೊಂಡಳು, ಚಟ್ಟವನ್ನು ನೆಲಕ್ಕಿಳಿಸಿದರು. ಅರುಣ ದೊಡ್ಡ ಉಸಿರು ಬಿಟ್ಟ.

ವಿಜಯ ಸ್ವಿಚ್ಚು ಏರಿಸಿದ. ತಣ್ಣಗಿದ್ದ ಮಿಷಿನ್ನು ಗುಂಯ್ಗುಟ್ಟಿತು. ಅವನು ಎರಡು ಗುಂಡಿ ಒತ್ತಿದ. ಅಚ್ಚು ಇಳಿಯಿತು, ಎದ್ದಿತು. ಇನ್ನೊಮ್ಮೆ. ಮತ್ತೊಮ್ಮೆ. ಒಂದಿಷ್ಟೂ ತಪ್ಪಿಲ್ಲ.

"ನಾನು ಹೇಳ್ಲಿಲ್ವಾ," ಎಂದ. "ಬಾ ಮಾಲ್ತಿ, ಹಾಳೆ ಇಡು."

ಮಾಲತಿ ಸ್ಟೂಲಿನ ಹತ್ತಿರ ಹೋದಳು. ಹಾಳೆ ಕೈಗೆತ್ತಿಕೊಂಡಳು. ಎಲ್ಲರೂ ಕಾಯುತ್ತಿದ್ದರು. ಹೆಣ ಕಾಯುತ್ತಿತ್ತು, ಗಾಡಿ ಕಾಯುತ್ತಿತ್ತು, ಸಾಹುಕಾರ ಕಾಯುತ್ತಿದ್ದ. ಇಷ್ಟು ಜನರ ಎದುರು ಬೇಡ ಅನ್ನುವುದಕ್ಕಿಂತ ಕೈ ಹಾಕಿಬಿಡುವುದೇ ಸುಲಭವಿತ್ತು. ಅವಳಿಗೇ ತನ್ನ ದನಿ ಬೇರೆಯವರದ್ದೆಂಬಂತೆ ಕೇಳಿಸಿತು.

"ಒಂದು ಕವಳ ಆಗ್ಲಿ."

"ಈಗಲಾ?" ಎಂದ ಅರುಣ.

"ಹೂಂ. ಅಚ್ಚು ಕಾಯ್ಲಿ. ಅದು ಮುಗ್ಯತನಕ ನಾನು ಕೈ ಹಾಕಲ್ಲ."

ಕೃಷ್ಣಪ್ಪ ತಲೆಯಾಡಿಸಿ, ಅಕ್ಕನ ಪಕ್ಕದಲ್ಲೇ ನೆಲಕ್ಕೆ ಕೂತು ಎಲೆ ಸಂಚಿ ಬಿಚ್ಚಿದ. ಹೊತ್ತವರೂ ಕೂತರು. ಸಂಚಿ ಕೈಯಿಂದ ಕೈಗೆ ಹೋಯಿತು. ಅರುಣನಿಗೂ ಒಂದು ಎಲೆ ಬಂತು. ಅಭ್ಯಾಸವಿಲ್ಲದವನು ಸುಣ್ಣ ಜಾಸ್ತಿ ಹಚ್ಚಿಕೊಂಡು ಬಾಯಿ ಸುಟ್ಟುಕೊಂಡ. ವಿಜಯ ಕೋಲಿನಿಂದ ಒಂದು ಹಾಳೆಯನ್ನು ಅಚ್ಚಿನೊಳಗೆ ತಳ್ಳುವುದು, ಗುಂಡಿ ಒತ್ತುವುದು, ಕೋಲಿನಿಂದಲೇ ತಟ್ಟೆ ಎಳೆಯುವುದು ಮಾಡುತ್ತ ಹೋದ. ಅಚ್ಚು ಕಾದು ಹಾಳೆಯ ಹಬೆ ಏಳತೊಡಗಿತು. ಕೃಷ್ಣಪ್ಪ ಉಗಿದು ಬರಲು ಎದ್ದ. ಕವಳ ಮುಗಿಯಿತು ಎಂದೇ ಲೆಕ್ಕ.

ವಿಜಯ ಗುಂಡಿಯಿಂದ ಎರಡೂ ಕೈ ತೆಗೆದು, ಕೋಲು ಹಿಡಿದು, ಆದ ತಟ್ಟೆಯನ್ನು ಎಳೆಯಲು ಚಾಚಿದ. ಯಾರೂ ಏನೂ ಒತ್ತಲಿಲ್ಲ. ಅಚ್ಚು ತಾನಾಗಿ ಧಡ್ಡೆಂದು ಇಳಿಯಿತು.

ಕೋಲಿನ ತುದಿ ಚಪ್ಪಟೆಯಾಗಿ ತಟ್ಟೆಗೆ ಅಂಟಿಕೊಂಡಿತ್ತು. ವಿಜಯನ ಕೈಯಲ್ಲಿ ಉಳಿದದ್ದು ಮೊಳದುದ್ದ. ಅವನು ಅದನ್ನು ನೋಡಿದ, ತನ್ನ ಬೆರಳುಗಳನ್ನು ನೋಡಿದ, ಸ್ವಿಚ್ಚು ಇಳಿಸಿದ. ಮಾಲತಿ ಸ್ಟೂಲಿನ ಮೇಲೆ ಕೂತುಬಿಟ್ಟಳು. ತಾನು ಹೂಂ ಅಂದಿದ್ದರೆ ಆ ಕೋಲಿನ ಜಾಗದಲ್ಲಿ ಏನಿರುತ್ತಿತ್ತು ಎಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ. ಅಳು ಬಂತು, ಅತ್ತಳು.

"ಬಿಸಿ ಆದ್ಮೇಲೆ ಮಾತ್ರ ಬರೋ ತೊಂದ್ರೆ ಇದು," ಎಂದ ವಿಜಯ, ದನಿ ಸಣ್ಣದು ಮಾಡಿ. "ನಿನ್ನೆ ಸಂಜೆ ಶುರುವಾಗಿರ್ಬೇಕು. ನಾನು ಬೆಳಿಗ್ಗೆ ತಣ್ಣಗಿದ್ದಾಗ ನೋಡಿದ್ದು."

ಪ್ರೇಮಕ್ಕ ಚಟ್ಟದ ಹತ್ತಿರ ಬಗ್ಗಿದಳು. "ಆತು ಮಾರಾಯ್ತಿ, ಒಪ್ಪಿದ್ವಿ. ಇನ್ನು ಹೊರಡು." ಒಬ್ಬರು ನಕ್ಕರು, ಆಮೇಲೆ ಎಲ್ಲರೂ.

ಅರುಣ ಹೊರಗೆ ಹೋಗಿ ಫೋನು ಮಾಡಿದ. ಊಟದ ತಟ್ಟೆ ಬರುವುದಿಲ್ಲ, ಬಾಳೆ ಎಲೆ ನೋಡಿಕೊಳ್ಳಿ ಎಂದ. ಆ ಕಡೆಯವರ ಬೈಗುಳ ಫೋನನ್ನು ಕಿವಿಯಿಂದ ದೂರ ಹಿಡಿದರೂ ಕೇಳುತ್ತಿತ್ತು. ಎಲ್ಲಾ ಕೇಳಿಸಿಕೊಂಡು ಒಳಗೆ ಬಂದಾಗ ಮಾಲತಿ ಎದ್ದು ಮೂರನೆಯದಕ್ಕೆ ಬೀಗ ಒತ್ತುತ್ತಿದ್ದಳು. ಕೀಯನ್ನು ಅವಳು ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡದ್ದನ್ನು ಅವನು ನೋಡಿದ.

"ನಾ ಇಲ್ಲೇ ಉಳೀತೀನಿ ಕೃಷ್ಣಪ್ಪಣ್ಣ," ಎಂದ ವಿಜಯ. "ಕೈಕಾಲು ನಡುಗ್ತಿದೆ. ಹೊತ್ರೆ ಬೀಳಿಸ್ತೀನಿ."

ಹೊರಲು ಒಂದು ಹೆಗಲು ಕಡಿಮೆಯಾಯಿತು. ಕೃಷ್ಣಪ್ಪ ಸುತ್ತ ನೋಡುವಷ್ಟರಲ್ಲಿ ಅರುಣ ಅಂಗಿಯ ತೋಳು ಮಡಿಸಿ ಹಿಂದಿನ ಬಿದಿರಿಗೆ ಹೆಗಲು ಕೊಟ್ಟಿದ್ದ. ಅವನ ಮನೆತನದವರು ಕಾಲೋನಿಯ ಹೆಣಕ್ಕೆ ಹೆಗಲು ಕೊಟ್ಟದ್ದನ್ನು ಅಲ್ಲಿದ್ದ ಯಾರೂ ಕಂಡಿರಲಿಲ್ಲ. ಚಟ್ಟ ಎತ್ತಿದರು.

ಅರುಣ ಉದ್ದದ ಆಳು, ಉಳಿದ ಮೂವರೂ ಗಿಡ್ಡ. ಚಟ್ಟ ಒಂದು ಕಡೆ ಮೇಲೆದ್ದು ಹೂವಿನ ಹಾರ ಜಾರಿತು.

"ಸ್ವಲ್ಪ ಬಗ್ಗಿ ಅರುಣಣ್ಣ," ಎಂದ ಕೃಷ್ಣಪ್ಪ. "ಅಕ್ಕ ಜಾರ್ತಾಳೆ."

ಅರುಣ ಮಂಡಿ ಬಗ್ಗಿಸಿದ. ಚಟ್ಟ ಸಮನಾಯಿತು. ಹೆಂಗಸರು ಗೇಟಿನಲ್ಲೇ ನಿಂತರು, ಅಲ್ಲಿಂದ ಮುಂದೆ ಅವರು ಹೋಗುವಂತಿರಲಿಲ್ಲ. ಮಾಲತಿ ಕಣ್ಣೊರೆಸಿಕೊಂಡು ನೋಡುತ್ತ ನಿಂತಳು. ಇಳಿಜಾರಿನಲ್ಲಿ, ಬಿಸಿಲಿನಲ್ಲಿ, ಅರ್ಧ ಕೂತವನ ಹಾಗೆ ತಡವರಿಸುತ್ತ ಅರುಣ ನಡೆಯುತ್ತಿದ್ದ. ಹಳ್ಳದ ಮೇಲಿನ ಮರದ ಸಂಕ ದಾಟುವವರೆಗೂ ಅವನು ನೆಟ್ಟಗಾಗಲಿಲ್ಲ.